ಬಾಳೆಕಾಯಿಗೆ ಗಾಳಿ ಅಳೆದು ಕೊಡುವುದು: ಸಿಎ ಕಂಟೇನರ್ ತುಂಬುವವರಿಗೆ ಒಂದು ಮಾರ್ಗದರ್ಶಿ

ಯುರೋಪಿಗೆ ಬಾಳೆ ಕಳಿಸಬೇಕು, ಸಿಎ ಕಂಟೇನರ್ ಬುಕ್ ಮಾಡಿದರೆ ಸಾಕಲ್ವಾ ಎಂದು ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಸಾಕಾಗುವುದಿಲ್ಲ. ಸಿಎ ಅಂದರೆ ಕಂಟ್ರೋಲ್ಡ್ ಅಟ್ಮಾಸ್ಫಿಯರ್. ಕಂಟೇನರ್ ಒಳಗಿನ ಗಾಳಿಯಲ್ಲಿ ಆಕ್ಸಿಜನ್ ಇಳಿಸಿ, ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಏರಿಸಿ, ದಾರಿಯುದ್ದಕ್ಕೂ ಅದನ್ನು ಹಾಗೇ ಹಿಡಿದಿಡುವ ವ್ಯವಸ್ಥೆ. ಒಳ್ಳೆಯ ಕಾಯಿಗೆ ಅದು ಒಂದಷ್ಟು ದಿನ ಹೆಚ್ಚಿಗೆ ಕೊಡುತ್ತದೆ, ಅಷ್ಟೇ. ಬಲಿತು ಹೋದ ಕಾಯಿಯನ್ನು ಎಳೆಯದು ಮಾಡುವುದಿಲ್ಲ, ಬಿಸಿಯಾಗಿ ತುಂಬಿದ ಬಾಕ್ಸನ್ನು ತಣ್ಣಗೆ ಮಾಡುವುದಿಲ್ಲ, ಅಡ್ಡಾದಿಡ್ಡಿ ಜೋಡಿಸಿದ ಬಾಕ್ಸ್‌ಗಳ ನಡುವೆ ಗಾಳಿ ನುಗ್ಗಿಸುವುದೂ ಇಲ್ಲ. ಬಾಡಿಗೆ ಮಾತ್ರ ಮಾಮೂಲಿ ರೀಫರ್‌ಗಿಂತ, ಅಂದರೆ ಬರೀ ತಣ್ಣಗಿಡುವ ಕಂಟೇನರ್‌ಗಿಂತ, ಜಾಸ್ತಿ.

ಇಲ್ಲಿ ಹೇಳುವುದೆಲ್ಲ ಹಸಿರು ಜಿ9 (ಗ್ರ್ಯಾಂಡ್ ನೈನ್) ತಳಿಯ ಬಾಳೆಯನ್ನು ಎದುರಿಗಿಟ್ಟುಕೊಂಡು. ಚಾಮರಾಜನಗರ, ಬಳ್ಳಾರಿ, ವಿಜಯನಗರ ಕಡೆ ಬೆಳೆಯುವ ಪಚ್ಚಬಾಳೆ ಗುಂಪಿನದು. ಏಲಕ್ಕಿ ಬಾಳೆ, ನಂಜನಗೂಡು ರಸಬಾಳೆಗೆ ಈ ಅಂಕಿಗಳನ್ನು ಹಾಗೇ ಹಾಕಬೇಡಿ. ಅವುಗಳ ಸಿಪ್ಪೆ, ಮಾಗುವ ವೇಗ ಎಲ್ಲ ಬೇರೆ. ದಾಳಿಂಬೆ, ಮಾವು, ದ್ರಾಕ್ಷಿ, ಈರುಳ್ಳಿಯವರಿಗೆ ನಡುವೆ ಒಂದೆರಡು ಮಾತು ಇದೆ.

ಮೊದಲು ಗಾಳಿಯ ಲೆಕ್ಕ

ಹೊರಗಿನ ಗಾಳಿಯಲ್ಲಿ ನೈಟ್ರೋಜನ್ ಸುಮಾರು ಶೇ. 78, ಆಕ್ಸಿಜನ್ ಶೇ. 21ರ ಹತ್ತಿರ, ಕಾರ್ಬನ್ ಡೈಆಕ್ಸೈಡ್ ಬರೀ ಶೇ. 0.04. ಕೊಯ್ದ ಮೇಲೂ ಕಾಯಿ ಉಸಿರಾಡುತ್ತಲೇ ಇರುತ್ತದೆ. ಆಕ್ಸಿಜನ್ ತೆಗೆದುಕೊಂಡು ತನ್ನೊಳಗಿನ ಪಿಷ್ಟ, ಸಕ್ಕರೆಯನ್ನು ಕರಗಿಸುತ್ತದೆ, ಕಾರ್ಬನ್ ಡೈಆಕ್ಸೈಡ್, ನೀರಾವಿ, ಬಿಸಿ ಹೊರಗೆ ಬಿಡುತ್ತದೆ. ಬಾಳೆಯಂಥ ಹಣ್ಣಿನಲ್ಲಿ ಇದರ ಜೊತೆಗೆ ಎಥಿಲೀನ್ ಎಂಬ ಅನಿಲವೂ ಬರುತ್ತದೆ. ಅದು ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಇದ್ದರೂ ಸಾಕು, ಪಕ್ಕದ ಕಾಯಿಗಳೂ ಮಾಗಲು ಶುರು ಮಾಡುತ್ತವೆ. ನಮ್ಮ ಹಳ್ಳಿಗಳಲ್ಲಿ ಗೊನೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರಲ್ಲ, ಆ ಹೊಗೆಯಲ್ಲಿರುವ ಎಥಿಲೀನ್ ಮತ್ತು ಕೋಣೆಯ ಬಿಸಿ ಸೇರಿಯೇ ಆ ಕೆಲಸ ಆಗುತ್ತಿದ್ದದ್ದು. ಸಿಎ ಕಂಟೇನರ್‌ನಲ್ಲಿ ನಾವು ಮಾಡುವುದು ಅದರ ಪೂರ್ತಿ ಉಲ್ಟಾ ಕೆಲಸ.

ಆಕ್ಸಿಜನ್ ಕಡಿಮೆ ಮಾಡಿದರೆ ಉಸಿರಾಟ ನಿಧಾನವಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಏರಿದರೆ ಎಥಿಲೀನ್‌ನ ಆಟ ಕಡಿಮೆಯಾಗುತ್ತದೆ. ಇದು ಹೊಸ ವಿದ್ಯೆಯೇನೂ ಅಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಎಂಬಿಬ್ಬರು ಸೇಬಿನ ಮೇಲೆ ಇದನ್ನು ಪ್ರಯೋಗ ಮಾಡಿ, 1929ರಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಮೊದಲ ವ್ಯಾಪಾರಿ ಗೋದಾಮು ಶುರುವಾಗಿತ್ತು. ಗೋದಾಮು ಒಂದೇ ಕಡೆ ನಿಂತಿರುತ್ತದೆ, ಗಾಳಿ ಸೋರದ ಹಾಗೆ ಕಟ್ಟಬಹುದು. ಕಂಟೇನರ್ ಹಾಗಲ್ಲ. ಲಾರಿ ಮೇಲೆ ಕುಲುಕುತ್ತದೆ, ಕ್ರೇನ್‌ನಲ್ಲಿ ನೇತಾಡುತ್ತದೆ, ಬಾಗಿಲ ರಬ್ಬರ್ ಹರಿದಿರುತ್ತದೆ. ಕಷ್ಟ ಬರುವುದೇ ಅಲ್ಲಿ.

ಈಗ ಒಂದು ಸಣ್ಣ ಲೆಕ್ಕ. ಇದನ್ನು ತಿಳಿದುಕೊಂಡರೆ ಯಾವ ಮೆಷಿನ್ ಬೇಕು ಎಂಬುದು ತಾನೇ ಗೊತ್ತಾಗುತ್ತದೆ. ಕಾಯಿ ಎಷ್ಟು ಆಕ್ಸಿಜನ್ ಒಳಗೆ ತೆಗೆದುಕೊಳ್ಳುತ್ತದೋ ಹೆಚ್ಚುಕಮ್ಮಿ ಅಷ್ಟೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹಾಗಾಗಿ ಬರೀ ಹೊರಗಿನ ಗಾಳಿಯ ಕಿಂಡಿ ತೆರೆದು ಮುಚ್ಚಿ ಸಂಭಾಳಿಸಿದರೆ ಎರಡರ ಮೊತ್ತ ಯಾವಾಗಲೂ 21ರ ಆಸುಪಾಸಿನಲ್ಲೇ ಇರುತ್ತದೆ. ಕಾರ್ಬನ್ ಡೈಆಕ್ಸೈಡ್ 5ಕ್ಕೆ ನಿಲ್ಲಿಸಿದರೆ ಆಕ್ಸಿಜನ್ 16. ಬಾಳೆಗೆ ಬೇಕಿರುವುದು ಆಕ್ಸಿಜನ್ 2ರಿಂದ 5, ಕಾರ್ಬನ್ ಡೈಆಕ್ಸೈಡ್ 2ರಿಂದ 5. ಮೊತ್ತ ಜಾಸ್ತಿ ಅಂದರೆ 10. ಉಳಿದ 11 ಎಲ್ಲಿ ಹೋಗಬೇಕು? ಒಂದೋ ನೈಟ್ರೋಜನ್ ತುಂಬಿ ಎರಡನ್ನೂ ಹೊರಗೆ ತಳ್ಳಬೇಕು, ಇಲ್ಲಾ ಹೆಚ್ಚಾದ ಕಾರ್ಬನ್ ಡೈಆಕ್ಸೈಡನ್ನು ಮಾತ್ರ ಹೀರಿ ತೆಗೆಯಬೇಕು.

ಮಾರುಕಟ್ಟೆಯಲ್ಲಿರುವ ಮೆಷಿನ್‌ಗಳು ಬೇರೆಯಾಗುವುದು ಇದರ ಮೇಲೆಯೇ. ಥರ್ಮೋ ಕಿಂಗ್‌ನ ಎಎಫ್‌ಎಎಂ ಪ್ಲಸ್ ಕಾರ್ಬನ್ ಡೈಆಕ್ಸೈಡ್ ನೋಡಿಕೊಂಡು ಕಿಂಡಿ ತೆರೆದು ಮುಚ್ಚುವ ತರಹದ್ದು. ಕ್ಯಾರಿಯರ್‌ನ ಎವರ್‌ಫ್ರೆಶ್ ಮೆಂಬ್ರೇನ್ (ಅನಿಲ ಸೋಸುವ ತೆಳು ಪೊರೆ) ಮೂಲಕ ಗಾಳಿಯಿಂದ ನೈಟ್ರೋಜನ್ ಬೇರ್ಪಡಿಸಿ ಒಳಗೆ ಬಿಡುತ್ತದೆ. ಡೈಕಿನ್‌ನ ಆಕ್ಟಿವ್ ಸಿಎ ಕೂಡ ತಾನೇ ನೈಟ್ರೋಜನ್ ಮಾಡಿಕೊಳ್ಳುತ್ತದೆ, ದಾರಿ ಬೇರೆ. ಸ್ಟಾರ್ ಕೂಲ್ ಸಿಎ ವ್ಯಾಕ್ಯೂಮ್ ಪಂಪ್ ಮತ್ತು ಮೆಂಬ್ರೇನ್ ಇಟ್ಟುಕೊಂಡು ಕಾರ್ಬನ್ ಡೈಆಕ್ಸೈಡ್ ಎಳೆದು ಹೊರಹಾಕುತ್ತದೆ, ಆಕ್ಸಿಜನ್ ಇಳಿಸುವ ಕೆಲಸವನ್ನು ಕಾಯಿಗೇ ಬಿಡುತ್ತದೆ. ಶಿಪ್ಪಿಂಗ್ ಲೈನ್‌ಗಳು ಇವಕ್ಕೆ ತಮ್ಮದೇ ಹೆಸರಿಟ್ಟು ಮಾರುತ್ತವೆ. ಹೆಸರು ಕೇಳಿ ಸುಮ್ನೆ ಆಗಬೇಡಿ. ಆಕ್ಸಿಜನ್ ಎಷ್ಟಕ್ಕೆ ಇಳಿಸಬಲ್ಲದು, ಕಾರ್ಬನ್ ಡೈಆಕ್ಸೈಡ್ ತೆಗೆಯುವ ವ್ಯವಸ್ಥೆ ಇದೆಯಾ, ಈ ಎರಡು ಪ್ರಶ್ನೆ ಕೇಳಿ. ಫಾರ್ವರ್ಡರ್‌ಗೆ (ಕಂಟೇನರ್ ಬುಕ್ ಮಾಡಿಕೊಡುವ ಏಜೆಂಟ್‌ಗೆ) ಉತ್ತರ ಗೊತ್ತಿಲ್ಲದಿದ್ದರೆ ಲೈನ್‌ನವರಿಂದ ಬರಹದಲ್ಲಿ ತರಿಸಿಕೊಳ್ಳಿ.

ಹೆಜ್ಜೆ 1: ನಿಜಕ್ಕೂ ಬೇಕಾ?

ಹಡಗಿನ ದಿನ ಮಾತ್ರ ಎಣಿಸುವುದು ಎಲ್ಲರ ಚಾಳಿ. ಎಣಿಸಬೇಕಾದದ್ದು ಗೊನೆ ಕಡಿದ ದಿನದಿಂದ ಆಚೆ ದೇಶದ ಮಾಗಿಸುವ ಕೋಣೆಯ ತನಕ. ಪ್ಯಾಕ್ ಹೌಸ್, ಬಳ್ಳಾರಿಯಿಂದ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರು ಅಥವಾ ಚೆನ್ನೈ ತನಕದ ರಸ್ತೆ, ಬಂದರಿನ ಗೇಟ್ ಮುಂದೆ ಕಾಯುವುದು, ಹಡಗು ತಡವಾಗುವುದು, ನಡುವೆ ಇನ್ನೊಂದು ಬಂದರಿನಲ್ಲಿ ಹಡಗು ಬದಲಾದರೆ ಅಲ್ಲಿಯ ಕಾಯುವಿಕೆ, ಇಳಿದ ಮೇಲೆ ಕಸ್ಟಮ್ಸ್, ಎಲ್ಲ ಸೇರಬೇಕು.

14 ಡಿಗ್ರಿಯಲ್ಲಿ ಸರಿಯಾಗಿ ಇಟ್ಟ ಹಸಿರು ಬಾಳೆ ಮಾಮೂಲಿ ಗಾಳಿಯಲ್ಲಿ 2ರಿಂದ 4 ವಾರ ತಡೆಯುತ್ತದೆ, ಸಿಎ ಗಾಳಿಯಲ್ಲಿ 4ರಿಂದ 6 ವಾರ. ದುಬೈ ಕಡೆಗೆ ನ್ಹಾವಾ ಶೇವಾದಿಂದ ಹಡಗು ವಾರದೊಳಗೆ ಮುಟ್ಟುತ್ತದೆ. ಅದಕ್ಕೆ ಸಿಎ ಹಾಕುವುದು ನನ್ನ ಮಟ್ಟಿಗೆ ದುಡ್ಡು ದಂಡ. ಒಳ್ಳೆಯ ಪ್ರೀಕೂಲಿಂಗ್ (ತುಂಬುವ ಮುಂಚೆಯೇ ಕಾಯಿ ತಣ್ಣಗೆ ಮಾಡುವುದು) ಇದ್ದರೆ ಮಾಮೂಲಿ ರೀಫರ್ ಧಾರಾಳ ಸಾಕು. ಯುರೋಪಿನ ಲೆಕ್ಕ ಬೇರೆ. ಸೂಯೆಜ್ ಮೂಲಕ ಹೋದರೂ ಮೂರು ನಾಲ್ಕು ವಾರ ಹಿಡಿಯುತ್ತಿತ್ತು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹಳಷ್ಟು ಲೈನ್‌ಗಳು ಆಫ್ರಿಕಾದ ತುದಿ ಸುತ್ತಿಕೊಂಡು ಹೋದವು, ಮೇಲೆ ಹತ್ತು ದಿನಕ್ಕೂ ಜಾಸ್ತಿ ಸೇರಿತು. ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಅಪೆಡಾ ಸಂಸ್ಥೆ ಮಹಾರಾಷ್ಟ್ರದ ಬಾರಾಮತಿಯಿಂದ ನೆದರ್‌ಲೆಂಡ್ಸ್‌ಗೆ ಹಡಗಿನಲ್ಲಿ ಪ್ರಾಯೋಗಿಕವಾಗಿ ಬಾಳೆ ಕಳಿಸಿದ್ದು 2023ರ ನವೆಂಬರ್‌ನಲ್ಲಿ, ಈ ಗಲಾಟೆಗೆ ಸ್ವಲ್ಪ ಮುಂಚೆ. ಬುಕ್ ಮಾಡುವ ವಾರ ಆ ಹಡಗು ಯಾವ ದಾರಿ ಹಿಡಿಯುತ್ತದೆ ಎಂದು ಕೇಳದೆ ಸಿಎ ಬೇಕೋ ಬೇಡವೋ ತೀರ್ಮಾನಿಸಲು ಆಗುವುದಿಲ್ಲ.

ಬೇರೆ ಬೆಳೆಯವರಿಗೆ: ವಿಜಯಪುರದ ದ್ರಾಕ್ಷಿಗೆ ಸಿಎಯಿಂದ ದೊಡ್ಡ ಲಾಭ ಇಲ್ಲ, ಸೊನ್ನೆ ಡಿಗ್ರಿಯ ಹತ್ತಿರದ ಚಳಿ ಮತ್ತು ಬಾಕ್ಸ್‌ನಲ್ಲಿಡುವ ಸಲ್ಫರ್ ಡೈಆಕ್ಸೈಡ್ ಶೀಟ್ ಅಲ್ಲಿ ಕೆಲಸ ಮಾಡುತ್ತವೆ. ಭಗವಾ ದಾಳಿಂಬೆ ತಾನಾಗಿ ಎಥಿಲೀನ್ ಬಿಟ್ಟು ಮಾಗುವ ಹಣ್ಣಲ್ಲ. ಆದರೆ 5 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಂದುತ್ತದೆ, ದೂರದ ದಾರಿಗೆ ಸಿಎ ಅಥವಾ ಎಂಎ ಚೀಲ (ಹಣ್ಣಿನ ಉಸಿರಿನಿಂದಲೇ ಒಳಗಿನ ಗಾಳಿ ಬದಲಾಗುವ ಚೀಲ) ಸಹಾಯ ಮಾಡುತ್ತದೆ. ಸುಮಾರು 7 ಡಿಗ್ರಿ, ಆಕ್ಸಿಜನ್ 3ರಿಂದ 5, ಕಾರ್ಬನ್ ಡೈಆಕ್ಸೈಡ್ 5ರಿಂದ 10. ಬಲಿತ ಹಸಿರು ಮಾವಿಗೆ 13 ಡಿಗ್ರಿ, ಆಕ್ಸಿಜನ್ 3ರಿಂದ 5, ಕಾರ್ಬನ್ ಡೈಆಕ್ಸೈಡ್ 5ರಿಂದ 8. ಬೆಂಗಳೂರು ಗುಲಾಬಿ ಈರುಳ್ಳಿಗೆ ಇದ್ಯಾವುದೂ ಬೇಡ, ಅದಕ್ಕೆ ಗಾಳಿ ಆಡಬೇಕು, ಒಣಗಿರಬೇಕು. ಒಂದೇ ಕಂಟೇನರ್‌ನಲ್ಲಿ ಎರಡು ಮೂರು ಹಣ್ಣು ಹಾಕಿ ಸಿಎ ಮಾಡೋಣ ಎನ್ನುವ ಯೋಚನೆ ಬಿಟ್ಟುಬಿಡಿ.

ಹೆಜ್ಜೆ 2: ತೋಟದಲ್ಲಿ

ಹೂವು ಬಿಟ್ಟ ವಾರಕ್ಕೊಂದು ಬಣ್ಣದ ರಿಬ್ಬನ್ ಕಟ್ಟುವ ಪದ್ಧತಿ ಇಲ್ಲದ ತೋಟದಿಂದ ಯುರೋಪಿಗೆ ಕಾಯಿ ತೆಗೆಯಬೇಡಿ. ದಪ್ಪ ನೋಡಿ ಕಡಿದರೆ ವಯಸ್ಸು ತಪ್ಪುತ್ತದೆ. ನೀರು ಗೊಬ್ಬರ ಚೆನ್ನಾಗಿದ್ದ ಕಡೆ ಎಳೆಯ ಕಾಯಿಯೂ ದಪ್ಪ ಇರುತ್ತದೆ, ಬಿಸಿಲಿಗೆ ಸೊರಗಿದ ತೋಟದಲ್ಲಿ ಸಣ್ಣ ಕಾಯಿಯೂ ಬಲಿತಿರುತ್ತದೆ. ದೂರದ ದಾರಿಗೆ ಮುಕ್ಕಾಲು ಬಲಿತ ಕಾಯಿ ಸರಿ. ಪೂರ್ತಿ ಬಲಿತದ್ದು ಹಡಗಿನಲ್ಲೇ ಹಣ್ಣಿಗೆ ತಿರುಗುತ್ತದೆ. ಒಂದು ಬಾಕ್ಸ್‌ನಲ್ಲಿ ಒಂದು ಚಿಪ್ಪು ತಿರುಗಿದರೆ ಅದು ಬಿಡುವ ಎಥಿಲೀನ್ ಇಡೀ ಕಂಟೇನರ್ ಸುತ್ತುತ್ತದೆ. ಅಲ್ಲಿ ಗಾಳಿ ಸುತ್ತುವುದೇ ಹಾಗೆ.

ಚಿಪ್ಪು ಬಿಡಿಸುವುದು, ಸೊನೆ ತೊಳೆಯುವುದು, ಬುಡ ಕೊಳೆಯದ ಹಾಗೆ ಔಷಧಿ ಹಾಕುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ಆ ದೇಶದಲ್ಲಿ ಆ ಔಷಧಿಗೆ ಮಿತಿ ಎಷ್ಟು ಎಂದು ನೋಡಿಕೊಂಡು ಬಳಸಿ. ಬಾಕ್ಸ್ ಒಳಗಿನ ಪ್ಲಾಸ್ಟಿಕ್ ಚೀಲದ ಬಗ್ಗೆ ಮಾತ್ರ ಸ್ವಲ್ಪ ಹುಷಾರು. ವ್ಯಾಕ್ಯೂಮ್ ಮಾಡಿ ಕಟ್ಟಿದ ಚೀಲ ತನ್ನೊಳಗೇ ಬೇರೊಂದು ಗಾಳಿ ಕಟ್ಟಿಕೊಳ್ಳುತ್ತದೆ. ಅದರ ಹೊರಗೆ ಮೆಷಿನ್ ಎಷ್ಟೇ ನಿಖರವಾಗಿ ಅಂಕಿ ಹಿಡಿದರೂ ಕಾಯಿ ಉಸಿರಾಡುವುದು ಚೀಲದೊಳಗಿನ ಗಾಳಿಯನ್ನು. ಸಿಎ ಕಂಟೇನರ್ ಬಳಸುವುದಾದರೆ ತೂತಿರುವ ಚೀಲ ಹಾಕಿ. ಕಟ್ಟಿದ ಚೀಲವೇ ಬೇಕೆಂದರೆ ಮಾಮೂಲಿ ರೀಫರ್ ತೆಗೆದುಕೊಳ್ಳಿ. ಎರಡಕ್ಕೂ ದುಡ್ಡು ಕೊಟ್ಟು ಎರಡನ್ನೂ ಕೆಡಿಸಿಕೊಳ್ಳುವವರು ಇದ್ದಾರೆ.

ಹೆಜ್ಜೆ 3: ಮೊದಲು ತಣ್ಣಗೆ, ಆಮೇಲೆ ಗಾಳಿ

ನಾನು ಒಂದೇ ಹೆಜ್ಜೆ ಆರಿಸಿಕೊಳ್ಳಬೇಕು ಎಂದರೆ ಇದನ್ನೇ ಆರಿಸಿಕೊಳ್ಳುತ್ತೇನೆ. ರೀಫರ್ ಮೆಷಿನ್ ಇರುವುದು ತಣ್ಣಗಿರುವುದನ್ನು ತಣ್ಣಗೆ ಇಡಲಿಕ್ಕೆ. ಬೇಸಿಗೆಯ ಬಳ್ಳಾರಿಯಲ್ಲಿ 35 ಡಿಗ್ರಿ ಬಿಸಿ ಇರುವ ಸುಮಾರು 20 ಟನ್ ಕಾಯಿಯನ್ನು ಹಾಗೇ ತುಂಬಿದರೆ ಅದು ಇಳಿಯಲು ದಿನಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಕಾಯಿ ಜೋರಾಗಿ ಉಸಿರಾಡಿ ಬಿಸಿ ಬಿಡುತ್ತಿರುತ್ತದೆ, ಆ ಬಿಸಿಗೆ ಇನ್ನೂ ಜೋರಾಗಿ ಉಸಿರಾಡುತ್ತದೆ. ಸಿಎ ಮೆಷಿನ್‌ಗೂ ಇದು ಕಷ್ಟ. ಬಿಸಿ ಕಾಯಿ ಬಿಡುವ ಕಾರ್ಬನ್ ಡೈಆಕ್ಸೈಡನ್ನು ಹೀರುವಷ್ಟು ಶಕ್ತಿ ಅದಕ್ಕೆ ಇರುವುದಿಲ್ಲ.

ಕಡಿದ ದಿನವೇ ಪ್ಯಾಕ್ ಮಾಡಿ ಪ್ರೀಕೂಲಿಂಗ್ ಕೋಣೆಗೆ ಹೋಗಬೇಕು. ಫ್ಯಾನ್ ಹಾಕಿ ಬಾಕ್ಸ್‌ಗಳ ಮೂಲಕ ಗಾಳಿ ಎಳೆಯುವ ಕೋಣೆ ಆಗಬೇಕು. ಬರೀ ಕೋಲ್ಡ್ ರೂಮಿನಲ್ಲಿ ಬಾಕ್ಸ್ ಅಟ್ಟಿ ಹಾಕಿಟ್ಟರೆ ಹೊರಗಿನ ಸಾಲು ತಣ್ಣಗಾಗುತ್ತದೆ, ನಡುವಿನದ್ದು ಬೆಚ್ಚಗೇ ಇರುತ್ತದೆ. ಕೋಣೆಯ ಗೋಡೆ ಮೇಲಿನ ಮೀಟರ್ ನಂಬಬೇಡಿ. ಚುಚ್ಚುವ ಥರ್ಮಾಮೀಟರ್ ತೆಗೆದುಕೊಂಡು ನಡುವಿನ ಬಾಕ್ಸ್‌ನ ಕಾಯಿಯ ತಿರುಳಿಗೆ ಚುಚ್ಚಿ ನೋಡಿ. ಒಳಗೆ 14ರ ಹತ್ತಿರ ಬರುವ ತನಕ ಲೋಡಿಂಗ್ ಬೇಡ. ಲಾರಿ ಡ್ರೈವರ್ ಅವಸರ ಮಾಡುತ್ತಾನೆ, ಗೇಟ್ ಕಟ್ ಆಫ್ (ಬಂದರಿನೊಳಗೆ ಬಿಡುವ ಕೊನೆಯ ಗಡುವು) ಹತ್ತಿರ ಬಂತು ಎಂದು ಸಿಎಚ್‌ಎ, ಅಂದರೆ ಕಸ್ಟಮ್ಸ್ ಏಜೆಂಟ್, ಫೋನ್ ಮೇಲೆ ಫೋನ್ ಮಾಡುತ್ತಾರೆ. ತಡೆದುಕೊಳ್ಳಿ.

ಹಾಗಂತ 13ಕ್ಕಿಂತ ಕೆಳಗೂ ಇಳಿಸಬೇಡಿ. ಬಾಳೆಗೆ ಚಳಿ ತಾಗಿದರೆ ಮೇಲೆ ಹಸಿರಾಗೇ ಕಾಣುತ್ತದೆ, ಸಿಪ್ಪೆ ಸುಲಿದು ನೋಡಿದರೆ ಒಳಗೆ ಕಂದು ಗೆರೆ ಇರುತ್ತದೆ. ಆಮೇಲೆ ಮಾಗಿಸಿದಾಗ ಹಳದಿ ಬರುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತದೆ.

ಹೆಜ್ಜೆ 4: ಬುಕಿಂಗ್‌ನಲ್ಲಿ ಬರೆಯುವುದು

ಬುಕಿಂಗ್ ಫಾರ್ಮ್‌ನಲ್ಲಿ ಅಂಕಿ ತಪ್ಪಿದರೆ ಮುಂದಿನದ್ದೆಲ್ಲ ತಪ್ಪೇ. ಸೆಟ್ ಪಾಯಿಂಟ್ (ಮೆಷಿನ್ ಹಿಡಿದಿಡಬೇಕಾದ ತಾಪಮಾನ) ಬರೆಯುವಾಗ ಪ್ಲಸ್ ಚಿಹ್ನೆ ಹಾಕಿಯೇ ಬರೆಯಿರಿ, ಸೆಲ್ಸಿಯಸ್ ಎಂದೂ ಬರೆಯಿರಿ. ಬಾಳೆಗೆ ಹೀಗಿರಲಿ: ಪ್ಲಸ್ 13.5 ಡಿಗ್ರಿ ಸೆಲ್ಸಿಯಸ್, ಆಕ್ಸಿಜನ್ ಶೇ. 3, ಕಾರ್ಬನ್ ಡೈಆಕ್ಸೈಡ್ ಶೇ. 4, ಹೊರಗಾಳಿ ಕಿಂಡಿ ಮುಚ್ಚಿರಬೇಕು, ಡ್ರೇನ್ (ನೆಲದ ನೀರು ಹೋಗುವ ತೂತು) ಮುಚ್ಚಿರಬೇಕು, ತೇವ ತೆಗೆಯುವ ಸೆಟ್ಟಿಂಗ್ ಆಫ್. ಬಾಳೆಗೆ ಶೇ. 90ರಿಂದ 95 ತೇವ ಇಷ್ಟ, ತೆಗೆಯುವ ಮಾತೇ ಇಲ್ಲ. ಖರೀದಿದಾರ ತನ್ನದೇ ಅಂಕಿ ಕೊಟ್ಟರೆ ಅದೇ ಇರಲಿ, ಆದರೆ ಈ ಎರಡು ಗಡಿ ದಾಟಿದರೆ ಪ್ರಶ್ನೆ ಮಾಡಿ: ಆಕ್ಸಿಜನ್ 1ಕ್ಕಿಂತ ಕೆಳಗೆ, ಕಾರ್ಬನ್ ಡೈಆಕ್ಸೈಡ್ 7ಕ್ಕಿಂತ ಮೇಲೆ. ಅಲ್ಲಿಂದಾಚೆ ಕಾಯಿ ಹುಳಿಯಲು ಶುರುವಾಗುತ್ತದೆ, ಮಾಗಿದರೂ ರುಚಿ ಕೆಟ್ಟಿರುತ್ತದೆ, ಸಿಪ್ಪೆ ಹಸಿರು ಒಳಗೆ ಮೆತ್ತಗೆ ಎಂಬ ವಿಚಿತ್ರ ಸ್ಥಿತಿ ಬರುತ್ತದೆ.

ಸಿಎ ಇಲ್ಲದ ಮಾಮೂಲಿ ರೀಫರ್ ಆದರೆ ಕಿಂಡಿ ತೆರೆದಿರಬೇಕು. ಆಗ ಅದನ್ನು ಶೇಕಡಾ ಲೆಕ್ಕದಲ್ಲಿ ಬರೆಯಬೇಡಿ. ಒಂದು ಮೆಷಿನ್‌ನ ಅರ್ಧ ಕಿಂಡಿ ಇನ್ನೊಂದರ ಅರ್ಧ ಕಿಂಡಿಗೆ ಸಮ ಇರುವುದಿಲ್ಲ. ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆಯಿರಿ.

ಹೆಜ್ಜೆ 5: ಖಾಲಿ ಕಂಟೇನರ್ ಬಂದಾಗ

ಪಿಟಿಐ (ಹೊರಡುವ ಮುಂಚಿನ ಮೆಷಿನ್ ತಪಾಸಣೆ) ಸ್ಟಿಕ್ಕರ್ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಮಾಮೂಲಿ ಪಿಟಿಐ ಕಂಪ್ರೆಸರ್, ಫ್ಯಾನ್ ನೋಡುತ್ತದೆ. ಸಿಎ ಭಾಗದ ಪರೀಕ್ಷೆ ಬೇರೆಯಾಗಿ ಆಗಿದೆಯಾ ಎಂದು ಕೇಳಿ. ಸುಲಭದ ಪರೀಕ್ಷೆ ಒಂದಿದೆ. ಬಾಗಿಲು ತೆರೆದಿಟ್ಟು ಹೊರಗಿನ ಗಾಳಿ ಒಳಗೆ ತುಂಬಿದ ಮೇಲೆ ಕಂಟ್ರೋಲರ್‌ನಲ್ಲಿ ಆಕ್ಸಿಜನ್ ಓದಿ. 21ರ ಹತ್ತಿರ ತೋರಿಸಬೇಕು. 18 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಆ ಸುಳ್ಳು ಸಮುದ್ರದ ಮಧ್ಯೆಯೂ ಮುಂದುವರಿಯುತ್ತದೆ.

ಆಮೇಲೆ ಒಳಗೆ ಹೋಗಿ, ಹೊರಗಿನಿಂದ ಬಾಗಿಲು ಮುಚ್ಚಿಸಿ, ಬೆಳಕು ಎಲ್ಲಿಂದಾದರೂ ತೂರಿ ಬರುತ್ತದಾ ನೋಡಿ. ಇದನ್ನು ಮೆಷಿನ್ ಆಫ್ ಇರುವಾಗ, ಖಾಲಿ ಕಂಟೇನರ್‌ನಲ್ಲಿ ಮಾತ್ರ, ಬಾಗಿಲ ಹೊರಗೆ ನಂಬಿಕೆಯವರು ನಿಂತಿರುವಾಗ ಮಾಡಿ. ಬಾಗಿಲ ರಬ್ಬರ್ ಪೂರ್ತಿ ಕೈಯಾಡಿಸಿ. ನೆಲದ ಟಿ ಆಕಾರದ ಪಟ್ಟಿಗಳ ನಡುವೆ ಹಳೆಯ ಲೋಡಿನ ಕಾಗದ, ಥರ್ಮೋಕೋಲ್ ಚೂರು ಸಿಕ್ಕಿಕೊಂಡಿದ್ದರೆ ತೆಗೆಸಿ. ವಾಸನೆ ನೋಡಿ. ಮೀನಿನ ವಾಸನೆ ಇದ್ದರೆ ವಾಪಸ್ ಕಳಿಸಿ, ನಾಚಿಕೆ ಬೇಡ. ಬಾಗಿಲ ಒಳಗೆ ಕಟ್ಟುವ ಪ್ಲಾಸ್ಟಿಕ್ ಪರದೆ ಬೇಕಿರುವ ಮಾದರಿಯಾದರೆ ಅದು ಕಂಟೇನರ್ ಜೊತೆಗೇ ಬಂದಿದೆಯಾ ನೋಡಿ. ಲೋಡಿಂಗ್ ಮುಗಿದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಹೆಜ್ಜೆ 6: ಲೋಡಿಂಗ್

ರೀಫರ್‌ನಲ್ಲಿ ತಣ್ಣನೆ ಗಾಳಿ ಕೆಳಗಿನಿಂದ, ನೆಲದ ಪಟ್ಟಿಗಳ ನಡುವಿನಿಂದ ಬರುತ್ತದೆ, ಬಾಕ್ಸ್‌ಗಳ ಮೂಲಕ ಮೇಲಕ್ಕೆ ಏರಿ ಸೂರಿನ ಕೆಳಗಿನಿಂದ ಮೆಷಿನ್‌ಗೆ ವಾಪಸ್ ಹೋಗುತ್ತದೆ. ಗಾಳಿಯೂ ನೀರಿನ ಹಾಗೆ, ಸುಲಭದ ದಾರಿ ಕಂಡರೆ ಕಷ್ಟದ ದಾರಿ ಹಿಡಿಯುವುದಿಲ್ಲ. ಎಲ್ಲಾದರೂ ದೊಡ್ಡ ಸಂದಿ ಬಿಟ್ಟರೆ ಅಲ್ಲಿಂದಲೇ ಮೇಲೆದ್ದು ಹೋಗುತ್ತದೆ, ಬಾಕ್ಸ್ ಒಳಗೆ ನುಗ್ಗುವುದಿಲ್ಲ. ಆದ್ದರಿಂದ ನೆಲ ಪೂರ್ತಿ ಮುಚ್ಚಿರಬೇಕು. ಬಾಗಿಲ ಕಡೆ ಕೊನೆಯಲ್ಲಿ ಜಾಗ ಉಳಿದರೆ ಆ ನೆಲದ ಮೇಲೆ ದಪ್ಪ ರಟ್ಟು ಹಾಸಿ. ಬಾಕ್ಸ್‌ನ ಕೆಳಗಿನ ತೂತು ಮೇಲಿನ ತೂತಿಗೆ ಸರಿಯಾಗಿ ಕೂರಬೇಕು. ಇಟ್ಟಿಗೆ ಕಟ್ಟುವ ಹಾಗೆ ಅಡ್ಡ ಜೋಡಿಸಿದರೆ ತೂತುಗಳೆಲ್ಲ ಮುಚ್ಚಿ ಹೋಗುತ್ತವೆ. ಗೋಡೆ ಮೇಲಿನ ಕೆಂಪು ಗೆರೆ ದಾಟಬೇಡಿ, ನಾಲ್ಕು ಬಾಕ್ಸ್ ಜಾಸ್ತಿ ಹಿಡಿಸುವ ಆಸೆಗೆ ವಾಪಸ್ ಗಾಳಿಯ ದಾರಿ ಮುಚ್ಚಿದರೆ ಇಡೀ ಲೋಡ್ ಅನುಭವಿಸುತ್ತದೆ.

ಲೋಡಿಂಗ್ ಮಾಡುವಾಗ ಮೆಷಿನ್ ಆಫ್ ಇರಲಿ. ಬಾಗಿಲು ತೆರೆದಿಟ್ಟು ಮೆಷಿನ್ ಓಡಿಸಿದರೆ ಹೊರಗಿನ ಬಿಸಿ, ತೇವದ ಗಾಳಿಯನ್ನೇ ಅದು ಒಳಗೆ ಎಳೆದುಕೊಳ್ಳುತ್ತದೆ, ಮೆಷಿನ್‌ನ ತಂಪು ಮಾಡುವ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ಕಂಟೇನರನ್ನು ಮೊದಲೇ ತಣ್ಣಗೆ ಮಾಡಿಟ್ಟುಕೊಳ್ಳೋಣ ಎನ್ನುವುದೂ ಇಷ್ಟೇ. ಕೋಲ್ಡ್ ರೂಮಿಗೆ ಬಾಗಿಲು ಗಾಳಿಯಾಡದಂತೆ ಕೂಡಿಕೊಳ್ಳುವ ಡಾಕ್ ಇದ್ದರೆ ಸರಿ, ಬಯಲಲ್ಲಿ ನಿಲ್ಲಿಸಿ ತುಂಬುವುದಾದರೆ ಬೇಡ. ತಣ್ಣನೆಯ ಗೋಡೆ ಮೇಲೆ ನೀರು ಕೂತು ರಟ್ಟಿನ ಬಾಕ್ಸ್ ಮೆತ್ತಗಾಗುತ್ತದೆ, ಕೆಳಗಿನ ಸಾಲು ಕುಸಿಯುತ್ತದೆ.

ಎಥಿಲೀನ್ ಹೀರುವ ಪೊಟಾಸಿಯಂ ಪರ್ಮಾಂಗನೇಟ್ ಸ್ಯಾಷೆ ಅಥವಾ ಫಿಲ್ಟರ್ ಹಾಕುತ್ತೀರಾದರೆ ಗಾಳಿ ವಾಪಸ್ ಹೋಗುವ ಮೇಲ್ಭಾಗದಲ್ಲಿ ಇರಲಿ. ಡೇಟಾ ಲಾಗರ್ (ತಾಪಮಾನ ದಾಖಲಿಸುವ ಸಣ್ಣ ಮೆಷಿನ್) ಕನಿಷ್ಠ ಎರಡು ಇಡಿ, ಒಂದು ಮೆಷಿನ್ ಕಡೆ, ಒಂದು ಬಾಗಿಲ ಕಡೆ ನಡುವಿನ ಬಾಕ್ಸ್ ಒಳಗೆ. ಯಾವ ಬಾಕ್ಸ್ ಎಂದು ಫೋಟೋ ತೆಗೆದುಕೊಳ್ಳಿ. ಕಾಯಿಗೆ ಥರ್ಮಾಮೀಟರ್ ಚುಚ್ಚಿ ಅಂಕಿ ಕಾಣುವ ಹಾಗೆ ಫೋಟೋ, ಕೆಂಪು ಗೆರೆಯ ಫೋಟೋ, ಪರದೆ ಕಟ್ಟಿದ ಫೋಟೋ, ಸೀಲ್ ಫೋಟೋ. ಇವು ಯಾಕೆ ಎಂದು ಕೊನೆಗೆ ಹೇಳುತ್ತೇನೆ.

ಹೆಜ್ಜೆ 7: ಬಾಗಿಲು ಮುಚ್ಚಿದ ಮೇಲಿನ ಮೊದಲ ದಿನಗಳು

ಪರದೆ ಕಟ್ಟಿ, ಬಾಗಿಲು ಹಾಕಿ, ಮೆಷಿನ್ ಚಾಲೂ ಮಾಡಿ, ಆಮೇಲೆ ಸಿಎ ಚಾಲೂ ಮಾಡಿ. ನೈಟ್ರೋಜನ್ ಮಾಡಿಕೊಳ್ಳುವ ಮೆಷಿನ್ ಆದರೆ ಆಕ್ಸಿಜನ್ ಬೇಗ ಇಳಿಯುತ್ತದೆ. ಕಾಯಿಯ ಉಸಿರಾಟವನ್ನೇ ನಂಬಿದ ಮಾದರಿ ಆದರೆ ನಿಧಾನ. ಹೊರಡುವ ಮುಂಚೆ ಪ್ಯಾಕ್ ಹೌಸ್‌ನಲ್ಲೇ ಥ್ರೀ ಫೇಸ್ ಪ್ಲಗ್‌ಗೆ ಹಾಕಿ ಒಂದಷ್ಟು ಹೊತ್ತು ನೋಡಿದರೆ ಸೋರಿಕೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ರಸ್ತೆಯಲ್ಲಿ ಜೆನ್‌ಸೆಟ್ (ಡೀಸೆಲ್ ಜನರೇಟರ್) ಮೇಲೆ ಓಡಬೇಕು. ಡೀಸೆಲ್ ಉಳಿಸಲು ಊಟದ ಹೊತ್ತಲ್ಲಿ ಆಫ್ ಮಾಡುವ ಡ್ರೈವರ್‌ಗಳಿಗೆ ಮೊದಲೇ ಹೇಳಿ: ಕರೆಂಟ್ ಇಲ್ಲ ಅಂದರೆ ಚಳಿಯೂ ಇಲ್ಲ, ಗಾಳಿಯ ಮೇಲೆ ಹಿಡಿತವೂ ಇಲ್ಲ. ಲಾಗ್‌ನಲ್ಲಿ ಆ ಗಂಟೆ ಹಾಗೇ ದಾಖಲಾಗಿರುತ್ತದೆ.

ಸೀಲ್ ಹಾಕಿದ ಮೇಲೆ ಬಂದರಿನಲ್ಲಿ ಪರೀಕ್ಷೆಗೆ ಬಾಗಿಲು ತೆರೆದರೆ ಕಟ್ಟಿದ ಗಾಳಿ ಅಷ್ಟೂ ಹೋಯಿತು. ಸಸ್ಯ ಪರೀಕ್ಷೆ ಪ್ಯಾಕ್ ಹೌಸ್‌ನಲ್ಲೇ ಮುಗಿಸಿ ಅಲ್ಲೇ ಸೀಲ್ ಮಾಡಿಸುವುದು ಒಳ್ಳೆಯದು. ತೆರೆಯಲೇಬೇಕಾಗಿ ಬಂದರೆ ಮುಚ್ಚಿದ ಮೇಲೆ ಪರದೆ ಮತ್ತೆ ಕಟ್ಟಿದ್ದಾರಾ, ಸಿಎ ಮತ್ತೆ ಚಾಲೂ ಆಗಿದೆಯಾ ನೋಡಲು ನಿಮ್ಮ ಕಡೆಯವರು ಅಲ್ಲಿರಬೇಕು.

ಹಡಗು ಹತ್ತಿದ ಮೇಲೆ ಲೈನ್‌ನವರ ರಿಮೋಟ್ ಸೌಲಭ್ಯ ಇದ್ದರೆ ಫೋನಿನಲ್ಲೇ ಅಂಕಿ ಕಾಣುತ್ತದೆ. ಓದುವುದು ಹೀಗೆ. ಆಕ್ಸಿಜನ್ 10ರ ಸುತ್ತ ಬಂದು ಅಲ್ಲೇ ನಿಂತರೆ ಎಲ್ಲೋ ಸೋರುತ್ತಿದೆ, ಪರದೆಯೋ ಡ್ರೇನೋ. ಆಕ್ಸಿಜನ್ ಸರಿಯಾಗಿ ಇಳಿದು ಕಾರ್ಬನ್ ಡೈಆಕ್ಸೈಡ್ ಮಾತ್ರ 6, 7, 8 ಎಂದು ಏರುತ್ತಿದ್ದರೆ ಹೀರುವ ವ್ಯವಸ್ಥೆ ಕೈಕೊಟ್ಟಿದೆ. ತಕ್ಷಣ ಲೈನ್‌ಗೆ ಮೇಲ್ ಹಾಕಿ, ಹಡಗಿನ ಸಿಬ್ಬಂದಿ ಕಿಂಡಿ ತೆರೆದು ಮಾಮೂಲಿ ರೀಫರ್ ಹಾಗೆ ಓಡಿಸಬಹುದು. ಸಿಎ ಇಲ್ಲದ ಬಾಳೆ ಇನ್ನೂ ಉಳಿಯಬಹುದು, ಕಾರ್ಬನ್ ಡೈಆಕ್ಸೈಡ್‌ನಲ್ಲಿ ಬೆಂದ ಬಾಳೆ ಉಳಿಯುವುದಿಲ್ಲ. ಇನ್ನು ಗಾಳಿ ಎಲ್ಲ ಸರಿ ಇದ್ದು, ಒಳಗೆ ಹೋಗುವ ಗಾಳಿಗೂ ವಾಪಸ್ ಬರುವ ಗಾಳಿಗೂ ಬಿಸಿಯ ಅಂತರ ದಿನ ಕಳೆದರೂ ಕಡಿಮೆ ಆಗದಿದ್ದರೆ ಬಿಸಿ ಲೋಡ್ ಅಥವಾ ತಪ್ಪು ಜೋಡಣೆ. ಅದಕ್ಕೆ ಸಮುದ್ರದ ಮೇಲೆ ಮದ್ದಿಲ್ಲ.

ಹೆಜ್ಜೆ 8: ಬಾಗಿಲು ತೆರೆಯುವಾಗ, ಜೀವದ ಮಾತು

ಇದನ್ನು ಲೋಡರ್‌ಗಳಿಗೆ, ಡ್ರೈವರ್‌ಗಳಿಗೆ ಅವರ ಭಾಷೆಯಲ್ಲೇ ಹೇಳಿ. ಸಿಎ ಕಂಟೇನರ್ ಒಳಗೆ ಆಕ್ಸಿಜನ್ ಶೇ. 3 ಇರುತ್ತದೆ. ಮನುಷ್ಯನಿಗೆ 19.5ಕ್ಕಿಂತ ಕಡಿಮೆ ಇದ್ದರೇ ಅಪಾಯ ಎಂದು ಲೆಕ್ಕ. ಶೇ. 3ರಲ್ಲಿ ಕೆಲವೇ ಉಸಿರಿಗೆ ಎಚ್ಚರ ತಪ್ಪಿ ಬೀಳುತ್ತಾರೆ. ವಾಸನೆ ಬರುವುದಿಲ್ಲ, ಉಸಿರು ಕಟ್ಟಿದ ಹಾಗೆ ಅನಿಸುತ್ತದೆ ಎಂದು ನಂಬಿಕೊಂಡಿರಲೂ ಆಗುವುದಿಲ್ಲ. ಆಕ್ಸಿಜನ್ ಕಡಿಮೆಯಾದದ್ದನ್ನು ನಮ್ಮ ಮೈ ಬೇಗ ಗುರುತಿಸುವುದೇ ಇಲ್ಲ. ಬಿದ್ದವರನ್ನು ಎತ್ತಲು ಓಡಿ ಹೋದವರೂ ಅಲ್ಲೇ ಬೀಳುತ್ತಾರೆ.

ಆದ್ದರಿಂದ ಮೊದಲು ಸಿಎ ಆಫ್ ಮಾಡಿ. ಎರಡೂ ಬಾಗಿಲು ಪೂರ್ತಿ ತೆರೆಯಿರಿ, ಪರದೆ ಕತ್ತರಿಸುವಾಗ ಹೊರಗೇ ನಿಂತಿರಿ, ತಲೆ ಒಳಗೆ ಹಾಕಬೇಡಿ. ಕನಿಷ್ಠ ಅರ್ಧ ಗಂಟೆ ಬಿಡಿ, ಗಾಳಿ ಆಡದ ಮುಚ್ಚಿದ ಡಾಕ್ ಆದರೆ ಇನ್ನೂ ಜಾಸ್ತಿ ಹೊತ್ತು. ಆಮೇಲೆ ಕೈಯಲ್ಲಿ ಹಿಡಿಯುವ ಆಕ್ಸಿಜನ್ ಮೀಟರ್‌ನಲ್ಲಿ ನೋಡಿ, ಒಳಗೆ ಹೋಗುತ್ತಾ ಹೋಗುತ್ತಾ ನೋಡುತ್ತಲೇ ಇರಿ. ಒಬ್ಬರೇ ಹೋಗಬಾರದು. ಬಾಗಿಲ ಮೇಲೆ ಎಚ್ಚರಿಕೆ ಸ್ಟಿಕ್ಕರ್ ಇಂಗ್ಲಿಷಿನಲ್ಲಿ ಇರುತ್ತದೆ. ಇಲ್ಲೇ ಮತ್ತೆ ತೆರೆಯುವ ಸಂದರ್ಭ ಬರಬಹುದು ಎನಿಸಿದರೆ ಪಕ್ಕದಲ್ಲಿ ಕನ್ನಡ, ಹಿಂದಿಯಲ್ಲಿ ಒಂದು ಕಾಗದ ಅಂಟಿಸಿ.

ಮಾಲು ಕೆಟ್ಟು ಬಂದರೆ

ಖರೀದಿದಾರ ಫೋಟೋ ಕಳಿಸಿ ದರ ಇಳಿಸು ಎನ್ನುವ ಹೊತ್ತಿಗೆ ನಿಮ್ಮ ಕೈಯಲ್ಲಿ ಕಾಗದ ಇರಬೇಕು. ಮೆಷಿನ್‌ನ ಲಾಗ್ ಡೌನ್‌ಲೋಡ್ ಕೇಳಿ. ಬರೀ ತಾಪಮಾನದ್ದು ಕೊಟ್ಟು ಕೈತೊಳೆದುಕೊಳ್ಳಲು ನೋಡುತ್ತಾರೆ, ಆಕ್ಸಿಜನ್ ಮತ್ತು ಕಾರ್ಬನ್ ಡೈಆಕ್ಸೈಡ್‌ನದ್ದೂ ಬೇಕು ಎಂದು ಬಿಡದೆ ಕೇಳಿ. ನಿಮ್ಮ ಎರಡು ಲಾಗರ್‌ಗಳ ದಾಖಲೆಯನ್ನು ಅದರ ಪಕ್ಕ ಇಟ್ಟು ನೋಡಿ. ಮೊದಲ ದಿನದಿಂದಲೇ ಕಾಯಿ ಬಿಸಿ ಇದ್ದರೆ ತಪ್ಪು ನಮ್ಮ ಕಡೆಯದು, ಜಗಳಕ್ಕೆ ಹೋಗಬೇಡಿ. ಮೊದಲೆರಡು ವಾರ ಸರಿ ಇದ್ದು ಆಮೇಲೆ ಅಂಕಿ ಹಾಳಾಗಿದ್ದರೆ ಲೋಡಿಂಗ್ ಫೋಟೋಗಳು ಕೆಲಸಕ್ಕೆ ಬರುವುದು ಆಗ. ಕಾಯಿ ತಣ್ಣಗೇ ತುಂಬಿದ್ದೆವು, ಗೆರೆ ದಾಟಿರಲಿಲ್ಲ, ಪರದೆ ಕಟ್ಟಿದ್ದೆವು ಎಂದು ತೋರಿಸಬೇಕಲ್ಲ.

ಹಾನಿ ಕಣ್ಣಿಗೆ ಕಾಣುವಂತಿದ್ದರೆ ಡೆಲಿವರಿ ತೆಗೆದುಕೊಳ್ಳುವಾಗಲೇ, ಒಳಗಿದ್ದು ಕಾಣದಂತಿದ್ದರೆ ಮೂರು ದಿನದೊಳಗೆ ಲೈನ್‌ಗೆ ಬರಹದಲ್ಲಿ ನೋಟಿಸ್ ಹೋಗಬೇಕು. ಅದನ್ನು ಕೊಡಬೇಕಾದವರು ಆಚೆ ಕಡೆ ಮಾಲು ಪಡೆಯುವವರು. ಆದ್ದರಿಂದ ಖರೀದಿದಾರನ ಜೊತೆಗಿನ ಒಪ್ಪಂದದಲ್ಲೇ ಈ ಸಾಲು ಬರೆಸಿಕೊಳ್ಳಿ, ಹಾನಿ ಪರೀಕ್ಷಿಸುವ ಸ್ವತಂತ್ರ ಸರ್ವೇಯರ್ ಬರುವ ತನಕ ಮಾಲು ಚದುರಿಸಬಾರದು ಎಂಬ ಸಾಲನ್ನೂ ಸೇರಿಸಿ.